ಏಳು ಪಾಯಿಂಟ್ ಎರಡು

ಹೊರದೇಶದ ಖರೀದಿದಾರರಿಂದ ಬಂದ ಇಮೇಲ್ ಎರಡೇ ಸಾಲಿನದು. ನಿಮ್ಮ ಗೇರುಬೀಜದಲ್ಲಿ ತೇವಾಂಶ ಶೇಕಡಾ ಏಳು ದಾಟಿದೆ, ಐದರೊಳಗೆ ಇರಬೇಕಿತ್ತು, ಕಂಟೈನರ್ ಕಳಿಸಬೇಡಿ. ಬೈಕಂಪಾಡಿಯ ಬೀಜದ ಕಾರ್ಖಾನೆಯ ಮಾಲೀಕ ಅಯ್ಯೂಬ್ ಅದನ್ನು ಓದಿದವರೇ ಏವ್ರಿಲ್ ಪಿರೇರ ಅವರ ಕೈಯಿಂದ ತೇವಾಂಶ ಅಳೆಯುವ ಮೀಟರನ್ನು ತೆಗೆದುಕೊಂಡರು. ಹತ್ತೊಂಬತ್ತು ವರ್ಷ ಪ್ರತಿ ಲಾಟನ್ನೂ ಅಳೆದಿದ್ದ ಏವ್ರಿಲ್, ಆ ಮಂಗಳವಾರ ಸಿಪ್ಪೆ ಸುಲಿಯುವ ಹೆಂಗಸರ ಸಾಲಿನಲ್ಲಿ ಹೋಗಿ ಕುಳಿತರು.

ಸುಹೈಲಾಳಿಗೆ ಇದು ಗೊತ್ತಾದದ್ದು ಅಯ್ಯೂಬ್ ಆಫೀಸಿಗೆ ಫೋನ್ ಮಾಡಿದಾಗ. ಲಾಟುಗಳ ವಿವರ ಬರೆದಿಡುವ ಸ್ಮಾರ್ಟ್ ಕಾಂಟ್ರಾಕ್ಟ್ ಎಂಬ ಪ್ರೋಗ್ರಾಮನ್ನು ಮಾಡಿಕೊಟ್ಟದ್ದು ಅವಳು ಕೆಲಸ ಮಾಡುವ ಬಿಜೈಯ ಸಣ್ಣ ಕಂಪೆನಿ. ಕಾರ್ಖಾನೆಯಲ್ಲಿ ಅಳತೆ ಹಾಕಿದರೆ ಅದು ನೇರ ಅಳಿಸಲಾಗದ ಡಿಜಿಟಲ್ ದಾಖಲೆಯಾದ ಬ್ಲಾಕ್‌ಚೈನ್‌ಗೆ ಹೋಗಿ ಕೂರುತ್ತದೆ. ಖರೀದಿದಾರರು ತಮಗೆ ಮುಂಚಿತವಾಗಿ ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುತ್ತಾರೆ. ನಡುವೆ ಯಾರೂ ಕೈಯಾಡಿಸಲಾಗದು ಎಂಬುದೇ ಅದರ ಹೆಗ್ಗಳಿಕೆ.

“ಅಲ್ಲಿ ಬರೆದದ್ದನ್ನು ದೇವರಿಗೂ ತಿದ್ದಲಿಕ್ಕೆ ಆಗುವುದಿಲ್ಲ ಮಾರಾಯ್ತಿ,” ಎಂದ ಅವಳ ಮೇಲಧಿಕಾರಿ ವಿಶ್ವೇಶ. “ಏಳು ಅಂತ ಉಂಟಾದರೆ ಅವರು ಏಳು ಅಂತಲೇ ಹಾಕಿದ್ದು.”

“ಬರೆದದ್ದು ಸರಿಯೇ ಇರಬಹುದು ಸರ್. ಓದುವಾಗ ತಪ್ಪಿದರೆ?”

“ಓದುವುದು ಆ ರೆಡಿಮೇಡ್ ಫ್ರೇಮ್‌ವರ್ಕ್. ಆಟೋಮ್ಯಾಟಿಕ್. ನೀನು ಒಂದು ಸಾಲೂ ಬರೆಯಬೇಕಾಗಿಲ್ಲ. ಅದಕ್ಕೇ ಅಲ್ವಾ ನಾವು ಅದನ್ನು ತೆಗೊಂಡದ್ದು?”

ಎರಡು ದಿನ ಅವಳು ಕೋಡನ್ನು ತಡಕಾಡಿದಳು. ಕೋಡಿನ ಪರೀಕ್ಷೆಗಳನ್ನು ಓಡಿಸಿದಳು, ನೂರ ನಲವತ್ತೂ ಪಾಸಾಗಿ ಹಸಿರು. ಎಲ್ಲಾದರೂ ಒಂದು ಕೆಂಪು ಗೆರೆ ಕಂಡಿದ್ದರೆ ಅಲ್ಲಿಂದ ಹಿಡಿದು ಎಳೆಯಬಹುದಿತ್ತು. ಫ್ರೇಮ್‌ವರ್ಕಿನ ಕೈಪಿಡಿ ತೆರೆದರೆ, ದತ್ತಾಂಶವನ್ನು ಬಿಡಿಸಿ ಓದುವ ಚಿಂತೆ ನಿಮಗೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಬರೆದಿತ್ತು. ಬುಧವಾರ ಸಂಜೆಯ ಹೊತ್ತಿಗೆ ಆ ಸಾಲನ್ನು ಕಂಡರೆ ಅವಳಿಗೆ ಮೈಯುರಿಯುತ್ತಿತ್ತು. ಕಾವೂರಿನ ಮನೆಯಲ್ಲಿ ತಾಯಿ ಸಾಜಿದಾ ಚಹಾ ತಂದಿಟ್ಟು ಏನೋ ಕೇಳಿದರೆ, ಸುಮ್ಮಸುಮ್ಮನೆ ರೇಗಿದಳು.

ಗುರುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಕಾರ್ಖಾನೆಗೇ ಹೊರಟಳು. ಕೂಳೂರಿನ ಸೇತುವೆಯ ಬಳಿ ಬಸ್ಸು ಮುಕ್ಕಾಲು ಗಂಟೆ ಅಲುಗಲಿಲ್ಲ.

ಏವ್ರಿಲ್ ತಲೆಯೆತ್ತದೆ ಸಿಪ್ಪೆ ಸುಲಿಯುತ್ತಿದ್ದರು. ಐವತ್ತೈದರ ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿತ್ತು.

“ನಾನು ಸುಹೈಲಾ, ಕಂಪ್ಯೂಟರಿನ ಕಂಪೆನಿಯವಳು. ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು ಆಂಟಿ.”

“ಎಂತ ನೋಡ್ಲಿಕ್ಕೆ ಬಂದದ್ದು? ನನ್ನ ಕೈ ನಡುಗ್ತದಾ ಅಂತಲಾ?”

“ಅಲ್ಲ ಆಂಟಿ. ನೀವು ಅಳೆದದ್ದನ್ನು ಬೇರೆ ಎಲ್ಲಿಯಾದರೂ ಬರೆದಿಡ್ತೀರಾ?”

ಏವ್ರಿಲ್ ಕೈ ಒರೆಸಿಕೊಂಡು ಎದ್ದರು. ಕಪಾಟಿನಿಂದ ನೋಟುಬುಕ್ಕು ತಂದು ಮೇಜಿನ ಮೇಲೆ ಕುಕ್ಕಿದರು. “ಮೂರು ದಿನ ಆಯ್ತು. ಇದನ್ನು ಕೇಳಿದ್ದು ನೀನೇ ಮೊದಲು.”

ಖರೀದಿದಾರರು ಬೇಡವೆಂದದ್ದು ತಿಂಗಳ ಹಿಂದೆ ಅಳೆದಿದ್ದ ಲಾಟ್ ಮುನ್ನೂರ ಹದಿನೆಂಟನ್ನು; ಅಲ್ಲಿ ದುಂಡಗಿನ ಅಕ್ಷರದಲ್ಲಿ ತೇವ 4.5 ಎಂದಿತ್ತು. ಸುಹೈಲಾ ಅದೇ ಲಾಟನ್ನು ಪರದೆಯ ಮೇಲೆ ತೆರೆದಳು: ತೇವಾಂಶ 7.2. ಏವ್ರಿಲ್ ಕನ್ನಡಕ ಮೇಲೇರಿಸಿ ಬಗ್ಗಿದರು. ಆದರೆ ಅವರ ಕಣ್ಣು ಹೋದದ್ದು ಅದರ ಮೇಲಿನ ಸಾಲಿಗೆ.

“ಇದೆಂತ? ಬೋರ್ಮ ನಲವತ್ತೈದು ಡಿಗ್ರಿ ಅಂತ ಉಂಟಲ್ಲ!” ಬೀಜ ಒಣಗಿಸುವ ಬಿಸಿ ಕೋಣೆಗೆ ಅಲ್ಲಿ ಬೋರ್ಮ ಎನ್ನುತ್ತಾರೆ. “ನಲವತ್ತೈದರಲ್ಲಿ ಬೀಜ ಒಣಗ್ತದಾ? ಚಂಡಿ ಬಟ್ಟೆಯೂ ಒಣಗ್ಲಿಕ್ಕಿಲ್ಲ. ನಾವು ಇಟ್ಟದ್ದು ಎಪ್ಪತ್ತೆರಡು. ನೋಡು ಇಲ್ಲಿ.”

ನೋಟುಬುಕ್ಕಿನಲ್ಲಿ ಬೋರ್ಮ 72 ಎಂದಿತ್ತು.

ಎಪ್ಪತ್ತೆರಡು, ಏಳು ಪಾಯಿಂಟ್ ಎರಡು. ನಲವತ್ತೈದು, ನಾಲ್ಕು ಪಾಯಿಂಟ್ ಐದು. ಸುಹೈಲಾ ನೋಟುಬುಕ್ಕನ್ನು ಪರದೆಯ ಪಕ್ಕಕ್ಕೆ ಎಳೆದುಕೊಂಡಳು. ಚೈನ್‌ನಲ್ಲಿ ‘ತೇವಾಂಶ’, ‘ಬಿಸಿ’ ಎಂಬ ಹೆಸರುಗಳು ಇರುವುದೇ ಇಲ್ಲ. ಬರೀ ಅಂಕೆಗಳು ಸಾಲಾಗಿ ಕುಳಿತಿರುತ್ತವೆ. ತೇವಾಂಶದ ನಾಲ್ಕೂವರೆಯನ್ನು ದಶಮಾಂಶದ ಚುಕ್ಕೆಯಿಲ್ಲದೆ ನಲವತ್ತೈದು ಎಂದೇ ಇಟ್ಟು, ತೋರಿಸುವಾಗ ಚುಕ್ಕೆ ಹಾಕುತ್ತಾರೆ. ಓದುವಾಗ ಫ್ರೇಮ್‌ವರ್ಕ್ ಪ್ರೋಗ್ರಾಮಿನಲ್ಲಿರುವ ಹೆಸರುಗಳ ಪಟ್ಟಿಯನ್ನು ನೋಡಿ, ಮೊದಲ ಅಂಕೆಯನ್ನು ಮೊದಲ ಹೆಸರಿಗೆ, ಎರಡನೆಯದನ್ನು ಎರಡನೆಯದಕ್ಕೆ ಹಂಚಿಬಿಡುತ್ತದೆ. ಮೂರು ವಾರದ ಹಿಂದೆ, ಪಟ್ಟಿಯನ್ನು ಸ್ವಲ್ಪ ಚೊಕ್ಕ ಮಾಡು ಎಂದು ವಿಶ್ವೇಶ ಹೇಳಿದ್ದ. ಮೊದಲು ಒಣಗಿಸುವುದು, ಆಮೇಲೆ ಅಳೆಯುವುದು ತಾನೇ ಎಂದುಕೊಂಡು ಅವಳೇ ಬಿಸಿಯ ಸಾಲನ್ನು ತೇವಾಂಶದ ಮೇಲಕ್ಕೆ ತಂದಿದ್ದಳು. ಅದಕ್ಕೂ ಮೊದಲು ಬರೆದ ಲಾಟುಗಳೆಲ್ಲ ಅಂದಿನಿಂದ ಅದಲುಬದಲಾಗಿ ಕಾಣುತ್ತಿದ್ದವು. ಎರಡೂ ಒಂದೇ ಬಗೆಯ ಅಂಕೆಗಳಾದ್ದರಿಂದ ಫ್ರೇಮ್‌ವರ್ಕ್ ತಕರಾರು ಎತ್ತಲಿಲ್ಲ. ಅವಳ ಪರೀಕ್ಷೆಗಳೋ, ಹೊಸ ಪಟ್ಟಿಯಿಂದಲೇ ಬರೆದು ಹೊಸ ಪಟ್ಟಿಯಿಂದಲೇ ಓದಿ ಖುಷಿಯಾಗಿದ್ದವು.

“ಆಂಟಿ, ತಪ್ಪು ನನ್ನದು,” ಎಂದಳು. “ನಿಮ್ಮ ಅಳತೆ ಎಲ್ಲ ಸರಿ ಉಂಟು. ಓದುವ ಕ್ರಮವನ್ನು ನಾನು ಬದಲು ಮಾಡಿದ್ದೆ.”

ಏವ್ರಿಲ್ ನೋಟುಬುಕ್ಕನ್ನು ಮುಚ್ಚಿದರು. “ಅದನ್ನು ನನಗೆ ಹೇಳಿ ಎಂತ ಪ್ರಯೋಜನ? ಒಳಗೆ ಹೋಗಿ ಹೇಳು.”

ಅಯ್ಯೂಬ್ ಪೂರ್ತಿ ಕೇಳಿಸಿಕೊಂಡರು. ತಿರುಗಿ ಒಮ್ಮೆ ಕೇಳಿದರು, “ಹಾಗಾದರೆ ಏವ್ರಿಲ್ ಬಾಯಿ ಅಳೆದದ್ದು ಸರಿಯಾ?”

“ಸರಿ ಅಯ್ಯೂಬಾಕ. ಒಂದೂ ತಪ್ಪಿಲ್ಲ.”

“ನಿಮ್ಮ ಕಂಪೆನಿಯಿಂದ ಲೆಟರ್ ಬರಲಿ. ಮತ್ತೆ ನೋಡುವ.”

ಆಫೀಸಿಗೆ ಮರಳಿ, ಸಾಲನ್ನು ಮೊದಲಿದ್ದಲ್ಲಿಗೇ ಇಟ್ಟರೆ ಮುಗಿಯಿತು ಎಂದುಕೊಂಡಿದ್ದಳು. ಮುಗಿಯಲಿಲ್ಲ. ಹಾಗೆ ಮಾಡಿದರೆ ಈಚಿನ ಮೂರು ವಾರಗಳಲ್ಲಿ ಬರೆದವು ಕೆಡುತ್ತಿದ್ದವು. ಕೊನೆಗೆ ಆ ಆಟೋಮ್ಯಾಟಿಕ್ ಓದನ್ನೇ ಕಿತ್ತುಹಾಕಿ, ಹಳೆಯದಕ್ಕೆ ಒಂದು, ಹೊಸದಕ್ಕೆ ಒಂದು ಎಂದು ಕೈಯಾರೆ ಓದುವ ಕೋಡ್ ಬರೆದಳು. ಏವ್ರಿಲ್ ನೋಟುಬುಕ್ಕಿನ ಪುಟಗಳ ಫೋಟೊ ಇಟ್ಟುಕೊಂಡು ಚೈನ್‌ನಲ್ಲಿದ್ದ ಇನ್ನೂರ ಹನ್ನೆರಡು ಲಾಟುಗಳನ್ನು ಒಂದೊಂದಾಗಿ ತಾಳೆ ನೋಡಿದಳು. ಎಲ್ಲವೂ ಹೊಂದಿದವು.

ಶುಕ್ರವಾರ ವಿಶ್ವೇಶ ಪತ್ರ ಬರೆದು ತೋರಿಸಿದ: ತಾಂತ್ರಿಕ ಹೊಂದಾಣಿಕೆಯ ಸಂದರ್ಭದಲ್ಲಿ ಕೆಲವು ಮೌಲ್ಯಗಳು ತಾತ್ಕಾಲಿಕವಾಗಿ ಭಿನ್ನವಾಗಿ ಕಂಡಿರಬಹುದು.

“ಕಂಡಿರಬಹುದು ಅಂದರೆ ಎಂತ ಸರ್? ಕಂಡಿದೆ. ಏವ್ರಿಲ್ ಅವರನ್ನು ಆ ಕೆಲಸದಿಂದ ಎಬ್ಬಿಸಿದ್ದಾರೆ. ಅವರ ಹೆಸರೇ ಇಲ್ಲ ಇದರಲ್ಲಿ.”

“ಖರೀದಿದಾರರಿಗೆ ಅವರ ಹೆಸರು ಯಾಕೆ? ಕಂಪೆನಿ ಲೆಟರ್‌ಹೆಡ್‌ನಲ್ಲಿ ತಪ್ಪು ನಮ್ಮದು ಅಂತ ಬರೀಲಿಕ್ಕೆ ಆಗುವುದಿಲ್ಲ. ಸಾಲು ಮೇಲೆ ತಂದದ್ದು ಯಾರು ಅಂತ ಕೇಳಿದರೆ ನಿನ್ನ ಹೆಸರೇ ಬರ್ತದೆ. ಬೇಕಾ ಅದು?”

“ಬರಲಿ.”

ಪತ್ರ ಹಾಗೆಯೇ ಹೋಯಿತು. ಖರೀದಿದಾರರು ಮತ್ತೆ ಸ್ಕ್ಯಾನ್ ಮಾಡಿ, ತೃಪ್ತರಾಗಿ, ಕಂಟೈನರ್ ಕಳಿಸಿ ಎಂದರು. ಆಫೀಸಿನಲ್ಲಿ ಎಲ್ಲರಿಗೂ ಐಸ್‌ಕ್ರೀಮ್ ಬಂತು. ಸುಹೈಲಾ ತನ್ನದನ್ನು ಮುಟ್ಟಲಿಲ್ಲ.

ಅವಳು ಒಂದು ಬಿಳಿ ಹಾಳೆಯಲ್ಲಿ, ಅದಲುಬದಲು ಮಾಡಿದ್ದು ತಾನು, ಏವ್ರಿಲ್ ಪಿರೇರ ಅವರ ಇನ್ನೂರ ಹನ್ನೆರಡು ಅಳತೆಗಳೂ ಸರಿ ಎಂದು ಬರೆದು ಸಹಿ ಹಾಕಿದಳು. ಸೋಮವಾರ ಮಧ್ಯಾಹ್ನ ರಜೆ ಹಾಕಿ ಅದನ್ನು ಕೊಡಲು ಬೈಕಂಪಾಡಿಗೆ ಹೋದಳು.

ಏವ್ರಿಲ್ ಮೀಟರಿನ ಮುಂದೆ ಕುಳಿತಿದ್ದರು. ಹಾಳೆಯನ್ನು ನಿಧಾನವಾಗಿ ಓದಿ ಮಡಚಿದರು.

“ಒಳ್ಳೇದು ಬರೆದಿದ್ದೀ. ಮೀಟರ್ ವಾಪಸ್ ಕೊಟ್ಟರು. ಆದರೆ ಇನ್ನು ನನ್ನ ಸಹಿಯ ಕೆಳಗೆ ಸ್ಟೋರಿನ ಇಜಾಝನ ಸಹಿಯೂ ಬೇಕಂತೆ. ಅವನಿಗೆ ಮೀಟರ್ ಆನ್ ಮಾಡಲಿಕ್ಕೂ ಗೊತ್ತಿಲ್ಲ.”

“ಯಾಕೆ? ತಪ್ಪು ನಿಮ್ಮದಲ್ಲ ಅಂತ ನಾನು ಹೇಳಿದ್ದೇನಲ್ಲ!”

“ಸೇಫ್ಟಿಗಂತೆ.” ಏವ್ರಿಲ್ ಮುಂದಿನ ಲಾಟಿನ ಬೀಜಗಳನ್ನು ಮೀಟರಿಗೆ ಸುರಿದರು.

ಸುಹೈಲಾ ಹಾಳೆಯನ್ನು ಕೇಳಿ ತೆಗೆದುಕೊಂಡು ಅಯ್ಯೂಬರ ಕ್ಯಾಬಿನ್ನಿಗೆ ಹೋದಳು. ಬಂದರಿಗೆ ಹೋಗಿದ್ದಾರೆ, ಬರುವಾಗ ತಡವಾಗ್ತದೆ ಎಂದರು ಅಲ್ಲಿದ್ದವರು. ಪರವಾಗಿಲ್ಲ ಎಂದು ಬಾಗಿಲ ಹೊರಗಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕುಳಿತಳು.