ಹಿರಿಸೊಸೆಯ ಕೊಡ

ಬಾವಿಕಟ್ಟೆಯ ಮೇಲಿದ್ದ ಹಿತ್ತಾಳೆ ಕೊಡಕ್ಕೆ ಲಕ್ಕಮ್ಮ ಕೈ ಹಾಕುವಷ್ಟರಲ್ಲಿ ಪಿಳ್ಳಮ್ಮ ಅದನ್ನು ಪಕ್ಕಕ್ಕೆಳೆದುಕೊಂಡಳು.

“ನೀನು ಬ್ಯಾಡ ಕಣಮ್ಮಿ. ಕೈ ಎಂಗೆ ನಡುಗ್ತಾ ಐತೆ ನೋಡ್ಕೊ. ಚಿಕ್ಕ ಸೊಸೆ ತತ್ತಾಳೆ ಬಿಡು.”

ನಡುಮನೆಯಲ್ಲಿ ಲಕ್ಕಮ್ಮನ ಅತ್ತೆ ಸೊಣ್ಣಮ್ಮನನ್ನು ಮಲಗಿಸಿದ್ದರು. ಅಲ್ಲಾಳಸಂದ್ರದ ಕೆರೆಯ ಕೆಳಗೆ ಬದನೆ, ಸೊಪ್ಪು ಬೆಳೆದು ಯಲಹಂಕದ ಸಂತೆಗೆ ಹೊತ್ತು ಸವೆದ ಜೀವ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿತ್ತು. ಮಣ್ಣಿಗೆ ಒಯ್ಯುವ ಮೊದಲು ಮೀಸುವ ನೀರಿನಲ್ಲಿ ಮೊದಲ ಕೊಡ ಹಿರಿಸೊಸೆಯದು. ಅದೊಂದನ್ನು ಬೇರೆಯವರ ತಲೆಗೆ ಬಿಡಲು ಲಕ್ಕಮ್ಮನಿಗೆ ಮನಸ್ಸಿರಲಿಲ್ಲ.

ಆದರೆ ಸೊಣ್ಣಮ್ಮನ ತಂಗಿ ಪಿಳ್ಳಮ್ಮ ಹೇಳಿದ್ದೇನೂ ಸುಳ್ಳಲ್ಲ. ಕುತ್ತಿಗೆಯಲ್ಲಿ ತಣ್ಣನೆ ಬೆವರು, ಕಣ್ಣಿಗೆ ಮಬ್ಬು. ಸಕ್ಕರೆ ಕಾಯಿಲೆಯ ಲಕ್ಕಮ್ಮ ಎಂದಿನಂತೆ ಗಾಜಿನ ಸಿರಿಂಜು ಕುದಿಸಿ, ಇನ್ಸುಲಿನ್ ಚುಚ್ಚಿಕೊಂಡು, ಆಮೇಲೆ ಅತ್ತೆಯನ್ನು ಎಬ್ಬಿಸಲು ಹೋಗಿದ್ದಳು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಹೆಣ ಮನೆಯಲ್ಲಿರುವಾಗ ಯಾರೂ ತುತ್ತು ಎತ್ತುವಂತಿಲ್ಲ. ದೊಡ್ಡಬಳ್ಳಾಪುರದ ನೆಂಟರು ಬರುವವರೆಗೆ ಹೆಣ ಎತ್ತುವಂತೆಯೂ ಇರಲಿಲ್ಲ.

* * *

ಮದುವೆಯಾದ ಹೊಸತರಲ್ಲೇ ಕಾಯಿಲೆ ಗೊತ್ತಾಗಿತ್ತು. ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ರಕ್ತ ಕೊಡಬೇಕು. ಒಂದು ಸಲ ಬರಿಹೊಟ್ಟೆಯಲ್ಲಿ, ಇನ್ನೊಂದು ಸಲ ಉಂಡ ಮೇಲೆ.

“ತಿಂಗ್ಳು ತಿಂಗ್ಳು ಇಂಗೆ ರಕ್ತ ಎಳುದ್ರೆ ಎಣ್ಣು ವರ್ಸ ಬದುಕ್ತದಾ? ತವರಿಗೆ ಕಳ್ಸು, ಅಕ್ಕಾ” ಎಂದಿದ್ದಳು ಪಿಳ್ಳಮ್ಮ.

“ಆಲು ಕರುದ್ರೆ ಎಮ್ಮೆ ಸತ್ತೋಯ್ತದಾ? ಸುಮ್ಕಿರು.”

ತಂಗಿಯ ಬಾಯಿ ಮುಚ್ಚಿಸಿದ ಸೊಣ್ಣಮ್ಮನಿಗೂ ಒಳಗೊಳಗೆ ಅಂಜಿಕೆಯೇ. ಯಲಹಂಕದಲ್ಲಿ ರೈಲು ಹತ್ತಿದ ಮೇಲೆ ಮಡಿಲಿನಿಂದ ಬೆಣ್ಣೆ ಸವರಿದ ರಾಗಿ ರೊಟ್ಟಿ ತೆಗೆದಳು. “ರಕ್ತ ಕೊಡೋ ಮೈಗೆ ಬಲ ಬ್ಯಾಡ್ವಾ? ತಿನ್ನು. ಡಾಕುಟ್ರಿಗೇನು ಗೊತ್ತಾಯ್ತದೆ.”

ಬರಿಹೊಟ್ಟೆಯ ರಕ್ತದಲ್ಲೇ ಇಷ್ಟು ಸಕ್ಕರೆಯೇ ಎಂದು ಡಾಕ್ಟರು ಇನ್ಸುಲಿನ್ ಏರಿಸಿದರು. ಆ ವಾರವೇ ಲಕ್ಕಮ್ಮ ಬದನೆ ಪಾತಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು. ಬೆಲ್ಲದ ನೀರು ತೊಟ್ಟುತೊಟ್ಟಾಗಿ ತುಟಿಗೆ ಸವರಿ ಎಚ್ಚರಿಸಿದ ಸೊಣ್ಣಮ್ಮ, ಅವಳನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದು ರೊಟ್ಟಿಯ ಸಂಗತಿ ಬಾಯಿಬಿಟ್ಟಳು.

“ಬರಿಹೊಟ್ಟೆ ಅಂದ್ರೆ ಬರಿಹೊಟ್ಟೇನೇ ಅಮ್ಮ” ಎಂದರು ಡಾಕ್ಟರು. “ಆದ್ರೆ ಇನ್ಸುಲಿನ್ ಹಾಕಿದ ಮೇಲೆ ಮಾತ್ರ ಏನೇ ಆಗ್ಲಿ, ಹಸಿದಿರಬಾರದು.”

ಅಲ್ಲಿಂದಾಚೆ ರಕ್ತ ಕೊಡುವ ದಿನ ಅತ್ತೆಯೂ ಬಾಯಿಗೆ ನೀರು ಬಿಡಲಿಲ್ಲ. ಮೊದಲ ರಕ್ತ ಕೊಟ್ಟಾದ ಮೇಲೆ, ಆಸ್ಪತ್ರೆಯ ಮರದಡಿ ಬುತ್ತಿ ಬಿಚ್ಚಿ, ಸೊಸೆ ಉಂಡಿದ್ದನ್ನು ಕಣ್ಣಾರೆ ನೋಡಿಯೇ ತಾನು ಉಣ್ಣುತ್ತಿದ್ದಳು. ವರ್ಷ ಬದುಕುವುದಿಲ್ಲ ಎನಿಸಿಕೊಂಡವಳಿಗೆ ಎರಡು ಮಕ್ಕಳಾದವು.

* * *

ಲಕ್ಕಮ್ಮ ಗೋಡೆ ಹಿಡಿದು ಅಡುಗೆಮನೆಗೆ ಹೋದಳು. ರಾತ್ರಿಯ ಅಂಬಲಿಗೆ ಬೆಲ್ಲ ಕಿವುಚಿ, ಬಟ್ಟಲು ಹಿಡಿದು ನಡುಮನೆಗೆ ಬಂದು ಅತ್ತೆಯ ತಲೆದೆಸೆಯಲ್ಲಿ ಕೂತಳು. ಅಳುತ್ತಿದ್ದವರ ಅಳು ನಿಂತಿತು.

“ಏನೇ ಇದು, ಹೆಣದ ಮುಂದೆ? ತಡ್ಕಳಾಕೆ ಆಗ್ದಿದ್ರೆ ಒಳಗೆ ಕುಂತ್ಕೊಂಡು ಕುಡೀಬಾರ್ದಾ?” ಎಂದಳು ಪಿಳ್ಳಮ್ಮ.

“ಕದ್ದು ತಿಂದ್ರೆ ಏನಾಯ್ತದೆ ಅಂತ ಅತ್ತೇಗೂ ಗೊತ್ತು, ನನಗೂ ಗೊತ್ತು, ಚಿಕ್ಕತ್ತೆ.”

ಬಾಗಿಲಲ್ಲಿ ನಿಂತಿದ್ದ ಗಂಡ ಮುನಿಕೃಷ್ಣಪ್ಪ ಟವಲಿನಿಂದ ಮುಖ ಒರೆಸಿಕೊಂಡ. “ಕುಡೀಲಿ ಬಿಡು ಚಿಕ್ಕವ್ವ. ಇವ್ಳು ಹಸ್ಕೊಂಡಿದ್ರೆ ಅವ್ವ ಎದ್ದು ನಮ್ಮನ್ನೇ ಬೈತಾಳೆ.”

ಮುದುಕಿಯೊಬ್ಬಳು ಸೆರಗಿನೊಳಗೆ ನಕ್ಕಳು. ಲಕ್ಕಮ್ಮ ಅವಸರಪಡದೆ ಕುಡಿದಳು. ಬಟ್ಟಲಿನ ತಳವನ್ನೂ ಬೆರಳಿನಿಂದ ಬಳಿದಳು. ಬೆವರು ಆರುವವರೆಗೆ ಅಲ್ಲೇ ಕೂತಿದ್ದಳು.

ನೆಂಟರ ಗಾಡಿ ಬಂತು. ಅವಳು ಬಾವಿಗೆ ನಡೆದು, ಹಗ್ಗ ಇಳಿಬಿಟ್ಟು ಸೇದಿದಳು. ಕೊಡ ಕಂಠಮಟ್ಟ ತುಂಬಿತು. ಪಿಳ್ಳಮ್ಮ ಹಿಂದೆಯೇ ಬಂದಿದ್ದಳು.

“ಬಿದ್ದುಗಿದ್ದೀಯ.”

“ಬಿದ್ರೆ ಎತ್ತಾಕೆ ನೀವಿದ್ದೀರಲ್ಲ.”

“ಬಾಯಿ ಮಾತ್ರ ನಮ್ಮಕ್ಕಂದೇ ಬಂದದೆ ನಿಂಗೆ” ಎಂದು ಗೊಣಗುತ್ತ ಪಿಳ್ಳಮ್ಮ ಬಗ್ಗಿ, ತಾನೇ ಕೊಡ ಎತ್ತಿ ಸೊಸೆಯ ತಲೆಗೇರಿಸಿದಳು.

ಅಂಗಳದಲ್ಲಿ ಸೊಣ್ಣಮ್ಮನನ್ನು ಹಲಗೆಯ ಮೇಲೆ ಕೂರಿಸಿದ್ದರು. ಲಕ್ಕಮ್ಮ ನೆಟ್ಟಗೆ ನಡೆದು ಬಂದು, ಎರಡೂ ಕೈಯಲ್ಲಿ ಕೊಡ ಇಳಿಸಿ, ಅತ್ತೆಯ ನೆತ್ತಿಗೆ ಸುರಿದಳು. ನೀರು ಹಲಗೆ ದಾಟಿ, ಅಂಗಳಕ್ಕೆ ಹರಿದು, ನೆರೆದಿದ್ದ ಹೆಂಗಸರತ್ತ ಬಂತು. ಅವರೆಲ್ಲ ಸೀರೆಯ ಅಂಚು ಎತ್ತಿಕೊಂಡು, ಒಬ್ಬೊಬ್ಬರಾಗಿ ಕಾಲು ಸರಿಸಿ, ಅದಕ್ಕೆ ದಾರಿ ಬಿಟ್ಟರು.