ಅಲ್ಹಾಜಾ ಹೇಳಿದ ಮೂಲೆಗಳು

ಅರ್ಥವಾಗದ ಮಾತು ಕಿವಿಗೆ ಬಿದ್ದರೆ ಅಗೊಸ್ಸು "ಆಯ್ತು ಬಿಡಿ" ಅಂದುಬಿಡುತ್ತಿದ್ದ. ಪೋರ್ತೊ-ನೋವೊದಲ್ಲಿ ಸೋದರಮಾವನ ಕೈಕೆಳಗೆ ಟೈಲ್ಸ್ ಹಾಕುವುದನ್ನು ಕಲಿತು, ಗಡಿ ದಾಟಿ ಅಬೆಯೊಕುಟಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಆ ಕಡೆಯಿಂದ ಬಂದವರನ್ನು ಇಲ್ಲಿ ಎಗುನ್ ಎನ್ನುತ್ತಾರೆ; ಅವನನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಇಲ್ಲಿನ ಯೊರೂಬಾ ಭಾಷೆಯಲ್ಲಿ ದೊಡ್ಡವರಿಗೆ ನಮಸ್ಕಾರ ಹೇಳಲು, ಚೌಕಾಸಿ ಮಾಡಲು, ಯಾರಾದರೂ ಬೈದರೆ ತಿರುಗಿ ಬೈಯಲು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಕಸುಬಿನಲ್ಲಿ ಬರುವ ಆಕಾರಗಳ ಹೆಸರುಗಳು ಮಾತ್ರ ಮಾವ ಕಲಿಸಿದ ಫ್ರೆಂಚಿನಲ್ಲೇ ತಲೆಯಲ್ಲಿ ಕೂತಿದ್ದವು. ಗಿರಾಕಿಗಳು ಬೆರಳಿನಿಂದ ತೋರಿಸುತ್ತಿದ್ದರು, ಇವನು ಹಾಗೇ ಹಾಕುತ್ತಿದ್ದ. ಹೆಸರಿನ ಗೊಡವೆ ಬಂದಿರಲಿಲ್ಲ.

ಅದು ಬಂದದ್ದು ಅಲ್ಹಾಜಾ ಸಿಲಿಫಾತು ಅವರ ಮನೆಯಲ್ಲಿ.

ಹಜ್ ಯಾತ್ರೆ ಮುಗಿಸಿ ಬಂದು ಅಲ್ಹಾಜಾ ಎನಿಸಿಕೊಂಡಿದ್ದ ಅವರಿಗೆ ಅರವತ್ತಮೂರು. ಇಟೊಕು ಸಂತೆಯಲ್ಲಿ ನೀಲಿ ಅದ್ದಿದ ಆದಿರೆ ಬಟ್ಟೆ ಮಾರಿ ಐದು ಮಕ್ಕಳನ್ನು ಓದಿಸಿದ ಹೆಂಗಸು. ತಾವು ಮಾತ್ರ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಈ ವರ್ಷ ಏನನ್ನಿಸಿತೋ, ವಾರಕ್ಕೆರಡು ದಿನ ಮಧ್ಯಾಹ್ನ ಮಕ್ಕಳ ಶಾಲೆಯಲ್ಲಿ ನಡೆಯುವ ವಯಸ್ಕರ ತರಗತಿಗೆ ಸೇರಿಕೊಂಡಿದ್ದರು. ಅಲ್ಲಿ ಕಲಿತದ್ದು ಅವರೊಬ್ಬರಲ್ಲಿ ನಿಲ್ಲುತ್ತಿರಲಿಲ್ಲ. ಅಕ್ಷರ ಕಲಿತ ತಿಂಗಳು ಬೀದಿಯ ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ಆಕಾರಗಳ ಪಾಠ ಮುಗಿದ ವಾರ, "ಆ ನಿನ್ನ ಒನಿಗುನ್ ಮೆರಿನ್ ಸ್ವಲ್ಪ ಅತ್ಲಾಗೆ ಸರಿಸಮ್ಮಾ" ಎಂದು ಸೋಪಿನ ಪೆಟ್ಟಿಗೆ ಹೊತ್ತ ಹುಡುಗಿಯನ್ನು ದಾರಿಯಲ್ಲಿ ನಿಲ್ಲಿಸಿ ಕಕ್ಕಾಬಿಕ್ಕಿ ಮಾಡಿದ್ದರು.

ಅವರ ಮನೆಯ ಹೊಸ ಹಾಲ್‌ನ ನೆಲಕ್ಕೆ ಕೆನೆಬಣ್ಣದ ಟೈಲ್ಸು, ನಡುವೆ ಕೆಂಪಿನಲ್ಲಿ ಒಂದು ಚಿತ್ತಾರ ಎಂದು ಮಾತಾಗಿತ್ತು. ಯಾವ ಚಿತ್ತಾರ ಎಂದು ಅಗೊಸ್ಸು ಕೇಳಿದಾಗ ಅಲ್ಹಾಜಾ ತೋರುಬೆರಳನ್ನು ಮಡಚಿ ಹಿಡಿದುಕೊಂಡರು.

"ಬೆರಳಲ್ಲಿ ತೋರ್ಸೋ ಕಾಲ ಹೋಯ್ತು ಕಣೋ. ಯೋಚನೆ ಮಾಡಿ ಹೆಸರು ಹೇಳ್ತೀನಿ. ಬರೋ ಭಾನುವಾರ ನಮ್ಮ ಕ್ಲಾಸಿನವರೆಲ್ಲ ಮನೆ ನೋಡೋಕೆ ಬರ್ತಾರೆ, ಟೀಚರೂ ಬರ್ತಾರೆ. ಅಷ್ಟರಲ್ಲಿ ಮುಗೀಬೇಕು."

"ಆಯ್ತು ಬಿಡಿ ಅಲ್ಹಾಜಾ," ಎಂದ ಅಗೊಸ್ಸು.

ಮಾರನೆಯ ದಿನವೇ ಇಲೊರಿನ್‌ನಲ್ಲಿರುವ ಮಗಳ ಕೂಸಿಗೆ ಹೆಸರಿಡುವ ಸಮಾರಂಭಕ್ಕೆಂದು ಅವರು ಹೊರಟುಹೋದರು. ಮೂರನೆಯ ದಿನ ಬೆಳಿಗ್ಗೆ ಅವರು ರೆಕಾರ್ಡ್ ಮಾಡಿ ಕಳಿಸಿದ ಮಾತೊಂದು ಅಗೊಸ್ಸುವಿನ ಫೋನಿಗೆ ಬಂತು. ಹಿಂದೆ ಡೋಲು, ಹೆಂಗಸರ ಹಾಡು, ಯಾರದೋ ಕೂಗು, ಕೂಸಿನ ಅಳು. ಅದೆಲ್ಲದರ ಮಧ್ಯೆ ಅಲ್ಹಾಜಾ: "ಅಗೊಸ್ಸು, ಹಾಲಿನ ನಡುವೆ ಒಂದು ಒನಿಗುನ್... ಮೆಫಾ! ... ಕೆಂಪುದು ಹಾಕು. ತಿಳೀತಾ?"

ಅದನ್ನು ಮೂರು ಸಲ ಹಾಕಿ ಕೇಳಿದ. ಮೆಫಾ ಅಂದರೆ ಆರು, ಅದು ಗೊತ್ತು. ಒನಿಗುನ್ ಅಂದರೇನು? ಎದುರಿಗೆ ಅಲ್ಹಾಜಾ ಇದ್ದಿದ್ದರೆ ತಲೆಯಾಡಿಸಿಬಿಡುತ್ತಿದ್ದ. ಫೋನಿಗೆ ತಲೆಯಾಡಿಸಿ ಏನು ಪ್ರಯೋಜನ? ಸಿಮೆಂಟಿನ ಮೇಲೆ ಕೂತ ಟೈಲ್ಸು ಅಂದಾಜನ್ನು ಕ್ಷಮಿಸುವುದಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿಯೇ ಬಿಡೋಣ ಎಂದು ನಿಶ್ಚಯಿಸಿ, ಫೋನನ್ನು ಚಾರ್ಜಿಗೆ ಹಾಕಿ, ಎದುರುಗಡೆ ಮರದ ಕೆಳಗೆ ತಿಂಡಿ ಮಾರುವ ಇಯಾ ಅಜೊಕೆಯ ಬಳಿ ಹೋದ.

"ಇಯಾ ಅಜೊಕೆ, ಒನಿಗೂನ್ ಅಂದ್ರೆ ಏನಮ್ಮಾ?"

ಅವನು ಕೊನೆಯಲ್ಲಿ ದನಿ ಏರಿಸಿದ್ದ; ಯೊರೂಬಾದಲ್ಲಿ ದನಿ ಏರಿದರೆ ಅರ್ಥವೇ ಬೇರೆ. ಎಣ್ಣೆಯಲ್ಲಿ ಅಕಾರಾ ಎಂಬ ಅಲಸಂದೆ ವಡೆ ತಿರುವುತ್ತಿದ್ದ ಇಯಾ ಅಜೊಕೆ ಸೌಟು ಹಿಡಿದುಕೊಂಡೇ ನಗತೊಡಗಿದಳು.

"ರಣಹದ್ದು ಸಾಕಿದೋನು ಅಂತ! ಯಾರಪ್ಪಾ ಅವನು, ನಿಮ್ಮ ಮಾವನಾ?"

"ಅಲ್ಹಾಜಾ ಹಾಲಿಗೆ ಹಾಕು ಅಂದಿದಾರೆ."

"ಹಾಲಿಗೆ ಹದ್ದಾ?" ಅವಳು ಕಣ್ಣೊರೆಸಿಕೊಂಡಳು. "ಅಯ್ಯೋ ಎಗುನ್ ಮಹರಾಯ, ನಿಮ್ಮ ಭಾಷೇಲೂ ದನಿ ಹತ್ತಿ ಇಳಿಯುತ್ತಲ್ಲೋ, ಅಷ್ಟೂ ತಿಳಿಯಲ್ವಾ? ಮೇಲಕ್ಕೆ ಎಳೀಬೇಡ, ಮಟ್ಟವಾಗಿ ಹೇಳು. ನಿನ್ನ ರಸಮಟ್ಟ ಇಟ್ಟ ಹಾಗೆ. ಇಗುನ್. ಮೂಲೆ ಅಂತ. ಒನಿಗುನ್ ಅಂದ್ರೆ ಮೂಲೆ ಇರೋದು."

ಗಿರಾಕಿಗಳು ಕಡಿಮೆಯಿದ್ದ ಹೊತ್ತು. ಅವಳಿಗೂ ಹುರುಪು ಬಂತು. ಎಲೆಯಲ್ಲಿ ಕಟ್ಟಿ ಬೇಯಿಸಿದ ಅಲಸಂದೆಯ ಮೊಯಿಮೊಯಿ ಒಂದನ್ನು ಬಿಚ್ಚಿ ಚೂಪಾದ ತುದಿಗಳನ್ನು ಮುಟ್ಟಿದಳು. "ಒಂದು, ಎರಡು, ಮೂರು. ಒನಿಗುನ್ ಮೆತಾ." ಬ್ರೆಡ್ಡಿನ ಚೂರೊಂದನ್ನೆತ್ತಿದಳು. "ನಾಲ್ಕು. ಒನಿಗುನ್ ಮೆರಿನ್." ಆಮೇಲೆ ಬಿಸಿ ಅಕಾರಾವನ್ನು ಅವನ ಅಂಗೈಗೆ ಹಾಕಿದಳು. "ಇದಕ್ಕೆ ಮೂಲೆ ಎಲ್ಲಿದೆ ಹುಡುಕು."

"ಎಲ್ಲೂ ಇಲ್ಲ. ಕೈ ಸುಡ್ತಿದೆ."

"ರೋಬೋತೋ! ಗುಂಡಗಿರೋದು. ತಿನ್ನು, ಮರೆಯಲ್ಲ."

ಅಗೊಸ್ಸು ತಿಂದ. ಎಷ್ಟು ಸುಲಭ! ಎಷ್ಟು ಮೂಲೆಯೋ ಅಷ್ಟು ಹೆಸರು. ಎಣಿಸಲು ಬಂದರೆ ಆಕಾರ ಹೇಳಲು ಬಂದಂತೆ. ಇದನ್ನು ಕೇಳದೆ ಹನ್ನೊಂದು ವರ್ಷ ಕಳೆದೆನಲ್ಲ ಎಂದು ನಾಚಿಕೆಯೂ ಆಯಿತು, ಸಂತೋಷವೂ ಆಯಿತು. "ಹಾಗಾದ್ರೆ ಒನಿಗುನ್ ಮೆಫಾ?"

ಇಯಾ ಅಜೊಕೆ ತನ್ನ ಬುಟ್ಟಿಯನ್ನೆಲ್ಲ ಕೆದಕಿದಳು. ಆರು ಮೂಲೆಯ ತಿಂಡಿ ಯಾವುದೂ ಸಿಗಲಿಲ್ಲ. ಪಕ್ಕದಲ್ಲಿ ಬೈಕು ರಿಪೇರಿ ಮಾಡುತ್ತಿದ್ದವನಿಗೆ ಕೂಗಿ ಒಂದು ದೊಡ್ಡ ನಟ್ ತರಿಸಿಕೊಂಡು, ಸೆರಗಿನಿಂದ ಗ್ರೀಸು ಒರೆಸಿ, ಅವನ ಮುಂದಿಟ್ಟಳು. "ಎಣಿಸ್ಕೊ."

ಎಣಿಸಿದ. ಆರು. ಅಲ್ಹಾಜಾ ಇಂಥದ್ದನ್ನು ಯೋಚಿಸಿದ್ದಾರಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಎರಡು ದಿನ ಅದೇ ಕೆಲಸ. ಅಷ್ಟು ದೊಡ್ಡ ಆರುಮೂಲೆ ಒಂದೇ ಟೈಲಿನಲ್ಲಿ ಬರುವುದಿಲ್ಲ. ಆರು ಕೆಂಪು ಟೈಲ್ಸುಗಳಿಂದ ಆರು ತುಂಡು ಕತ್ತರಿಸಿ, ಮೊನೆಗಳು ನಡುವೆ ಕೂಡುವಂತೆ ಜೋಡಿಸಿ ಕೂರಿಸಿದ. ಸುತ್ತಲೂ ಕೆನೆಬಣ್ಣ ಹೊಂದಿಸಿದ. ಇನ್ನು ಸಂದಿಗಳಿಗೆ ಕೆಂಪು ಸಿಮೆಂಟ್ ತುಂಬಿದರೆ ಆರೂ ತುಂಡು ಒಂದೇ ಕಲ್ಲಿನಂತೆ ಕಾಣುತ್ತದೆ ಎಂದುಕೊಂಡಿದ್ದ. ಕೆಲಸ ಮಾಡುತ್ತಾ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರಿಡುತ್ತಿದ್ದ. ಕಿಟಕಿ ಮೆರಿನ್, ಬಕೆಟ್ಟಿನ ಬಾಯಿ ರೋಬೋತೋ, ಮೂಲೆಮಟ್ಟ ಮೆತಾ. ದನಿಯನ್ನು ಮಾತ್ರ ಮೇಲಕ್ಕೆ ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಲ್ಹಾಜಾ ಬಂದಿಳಿದರು. ತಲೆಗೆ ಕಟ್ಟಿದ ಗೆಲೆಯನ್ನು ಸರಿಮಾಡಿಕೊಳ್ಳುತ್ತಾ ಹಾಲಿಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಇದೇನೋ ಇದು?"

"ಒನಿಗುನ್ ಮೆಫಾ, ಅಲ್ಹಾಜಾ," ಎಂದ ಅಗೊಸ್ಸು. ಸೊಗಸಾಗಿ, ಮಟ್ಟವಾಗಿ ಹೇಳಿದ.

"ಮೆಫಾ ಅಂತ ಯಾರು ಹೇಳಿದ್ರು? ಮೂರು ಮೂಲೆ ಅಲ್ವೇನೋ ನಾನು ಕೇಳಿದ್ದು! ಮೆತಾ! ಈ ಕೈಯಲ್ಲಿ ಪೆನ್ನು ಹಿಡಿದು ಮೊದಲು ಬರೆದ ಆಕಾರ ಅದು. ಟೀಚರ್ ನೋಡಿ ಚಪ್ಪಾಳೆ ತಟ್ಟಿದ್ದು ಅದಕ್ಕೆ. ಕ್ಲಾಸಿನವರಿಗೆಲ್ಲ ಡಂಗುರ ಹೊಡ್ಕೊಂಡು ಬಂದಿದೀನಿ. ಭಾನುವಾರ ಅವರಿಗೆ ಈ ಬೈಕಿನ ನಟ್ಟು ತೋರಿಸ್ಲಾ?"

ದನಿ ಬೀದಿಗೆ ಕೇಳಿಸಿತು. ಇಯಾ ಅಜೊಕೆ ಒಲೆ ಬಿಟ್ಟು ಓಡಿಬಂದಳು. ಮನೆಯ ಹಿಂಭಾಗದ ಬಾಡಿಗೆದಾರರು ಬಾಗಿಲಲ್ಲಿ ನೆರೆದರು. ಕೇಳದೆ ಮಾಡಿದ ಕೆಲಸಗಳೆಲ್ಲ ಸರಿಹೋಗಿದ್ದವು. ಕೇಳಿ, ಕಲಿತು ಮಾಡಿದ ಒಂದು ಕೆಲಸ ಹೀಗಾಗಬೇಕೆ? "ಆಯ್ತು ಬಿಡಿ" ಎಂಬ ಮಾತು ಅಗೊಸ್ಸುವಿನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಇಲ್ಲ ಅಲ್ಹಾಜಾ. ತಾವು ಮೆಫಾ ಅಂದ್ರಿ. ತಮ್ಮ ದನಿ ನನ್ನ ಹತ್ರ ಇದೆ."

"ಹಾಕು ಮತ್ತೆ! ಎಲ್ಲರೂ ಕೇಳ್ಲಿ!"

ಫೋನನ್ನು ಖಾಲಿ ಬಕೆಟ್ಟಿನೊಳಗಿಟ್ಟು ಹಾಕಿದ. ದನಿ ಗುಂಯ್ ಎಂದು ಹಾಲನ್ನು ತುಂಬಿತು. ಡೋಲು, ಹಾಡು, ಕೂಸಿನ ಅಳು, ಅಲ್ಹಾಜಾ, ಆಮೇಲೆ ಸ್ಪಷ್ಟವಾಗಿ "ಮೆಫಾ!"

ಇಯಾ ಅಜೊಕೆ ತಲೆ ಓರೆಮಾಡಿ, "ತಾಳು ತಾಳು, ಇನ್ನೊಂದ್ಸಲ ಹಾಕು," ಎಂದು ಬಕೆಟ್ಟಿನೊಳಕ್ಕೆ ಕಿವಿ ತೂರಿಸಿದಳು. ಕೇಳಿ ಮುಗಿಯುವ ಮೊದಲೇ ಬಕೆಟ್ಟಿನೊಳಗೇ ನಗು ಒಡೆಯಿತು.

"ಡೋಲಿನ ಸಂದೀಲಿ ಯಾವಳೋ ಕೂಗ್ತಿದಾಳೆ! 'ಅಲ್ಹಾಜಾ, ಜೊಲ್ಲೊಫ್ ಅನ್ನ ಎಷ್ಟು ಪಾತ್ರೆ ಇಳಿಸ್ಲಿ' ಅಂತ. ನೀವು ಅವಳಿಗೆ 'ಆರು' ಅಂದ್ರಿ! ಈ ಬಡಪಾಯಿ ಅನ್ನದ ಲೆಕ್ಕಾನ ನೆಲಕ್ಕೆ ಹಾಕಿದಾನೆ!"

ಮೂರನೆಯ ಸಲ ಹಾಕಿದಾಗ ಎಲ್ಲರಿಗೂ ಕೇಳಿಸಿತು. ಅಗೊಸ್ಸುವಿಗೂ ಕೇಳಿಸಿತು. ಅಲ್ಹಾಜಾ ಕೆಂಪು ಆರುಮೂಲೆಯನ್ನೂ ಫೋನನ್ನೂ ನೋಡಿದರು. ಆಮೇಲೆ ಸಿಮೆಂಟಿನ ಚೀಲದ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒನಿಗುನ್ ಅಂದು ಆ ಅನ್ನದೋಳಿಗೆ ಉತ್ತರ ಕೊಟ್ಟೆ, ಮೆತಾ ಹೇಳೋದೇ ಮರೆತೆ ನೋಡು! ಆದ್ರೂ ಅಗೊಸ್ಸು, ಅನ್ನ ಸಾಲ್ದೆ ಹೋಯ್ತು ಕಣೋ. ಏಳು ಇಳಿಸ್ಬೇಕಿತ್ತು."

"ಏಳು ಅಂದಿದ್ರೆ ನಾನು ಸತ್ತೇ ಹೋಗ್ತಿದ್ದೆ," ಎಂದ ಅಗೊಸ್ಸು. ಏಳು ಮೂಲೆ ಕತ್ತರಿಸಿ ಹೊಂದಿಸುವ ಪಾಡು ಟೈಲ್ಸ್ ಹಾಕುವವನಿಗೇ ಗೊತ್ತು.

ನಗು ಇಳಿದ ಮೇಲೂ ನೆಲ ಹಾಗೇ ಇತ್ತು. ಕಿತ್ತರೆ ಸುತ್ತಲಿನದೂ ಒಡೆಯುತ್ತದೆ, ಭಾನುವಾರಕ್ಕೆ ಉಳಿದದ್ದು ಒಂದು ದಿನ. ಅಲ್ಹಾಜಾ ಮುಖದಲ್ಲಿ ನಗುವಿನ ಕೆಳಗೆ ಸಣ್ಣ ನಿರಾಸೆ ಇಣುಕುತ್ತಿರುವುದು ಅಗೊಸ್ಸುವಿಗೆ ಕಂಡಿತು. ಅವನು ಚಿತ್ತಾರದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಸಂದಿಗಳ ಮೇಲೆ ಬೆರಳಾಡಿಸಿದ. ಕೆಂಪು ಸಿಮೆಂಟ್ ಇನ್ನೂ ತುಂಬಿರಲಿಲ್ಲ.

"ಅಲ್ಹಾಜಾ, ಇಲ್ಲಿ ಬನ್ನಿ. ಈ ತುಂಡಿನ ಮೂಲೆ ಎಣಿಸಿ."

ಅಲ್ಹಾಜಾ ಬಗ್ಗಿ ಎಣಿಸಿದರು. "ಒಂದು, ಎರಡು, ಮೂರು."

"ಪಕ್ಕದ್ದು?"

"ಅದೂ ಮೂರು. ಅಯ್ಯೋ, ಇದೂ ಮೂರೇ!"

"ಆರುಮೂಲೆ ಹೊಟ್ಟೇಲಿ ಆರು ಮೂರುಮೂಲೆ ಇವೆ. ನಾನು ಕತ್ತರಿಸಿ ಕೂರಿಸಿದ್ದೇ ಹಾಗೆ. ಸಂದಿಗೆ ಕೆಂಪು ತುಂಬಿದ್ರೆ ಮುಚ್ಚಿಹೋಗುತ್ತೆ. ಬಿಳಿ ಸಿಮೆಂಟ್ ತುಂಬಿದ್ರೆ ಆರೂ ಎದ್ದು ಕಾಣ್ತವೆ."

ಅಲ್ಹಾಜಾ ನೆಟ್ಟಗೆ ನಿಂತರು. "ಒಂದು ಕೇಳಿದ್ದಕ್ಕೆ ಆರು ಕೊಟ್ಯಲ್ಲೋ! ನಿಂತ್ಕೊಂಡು ಏನ್ ನೋಡ್ತಿದೀಯಾ, ತುಂಬು ಬಿಳೀದು!"

ಭಾನುವಾರ ತಿತಿಲಾಯೊ ಟೀಚರ್ ಜೊತೆ ಕ್ಲಾಸಿನ ಏಳು ಮಂದಿ ಬಂದರು. ಒಬ್ಬ ನಿವೃತ್ತ ಲಾರಿ ಡ್ರೈವರ್ ಬಿಟ್ಟರೆ ಎಲ್ಲ ಸಂತೆಯ ಹೆಂಗಸರೇ. ಚಪ್ಪಲಿ ಬಿಟ್ಟು, ಚಿತ್ತಾರದ ಸುತ್ತ ನಿಂತು, ಬೆರಳು ಮಡಚುತ್ತಾ ಎಣಿಸಿದರು. ಆರು ಎಂದವರಿಗೂ ಮೂರು ಎಂದವರಿಗೂ ಜಗಳ ಹತ್ತಿತು. ಎರಡೂ ಸರಿ ಎಂದು ಟೀಚರ್ ಹೇಳಿದಾಗ ಯಾರೂ ಒಪ್ಪಲಿಲ್ಲ. ಅಲ್ಹಾಜಾ ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿದ್ದ ಅಗೊಸ್ಸುವನ್ನು ನಡುವಿಗೆ ಎಳೆದು ತಂದರು.

"ಇವನನ್ನೇ ಕೇಳಿ. ನಮ್ಮ ಮೇಸ್ತ್ರಿ."

ಎಗುನ್ ಅನ್ನಲಿಲ್ಲ, ನಮ್ಮ ಮೇಸ್ತ್ರಿ ಅಂದರು. ಅಗೊಸ್ಸು ಅಂಗಿಯ ತೋಳು ಸರಿಮಾಡಿಕೊಂಡು, ಹೊರಗಿನ ಸುತ್ತು ತೋರಿಸಿ ಒನಿಗುನ್ ಮೆಫಾ ಎಂದ, ಒಳಗಿನ ತುಂಡು ತೋರಿಸಿ ಒನಿಗುನ್ ಮೆತಾ ಎಂದ. ಒಂದೂ ಹದ್ದು ಹಾರಲಿಲ್ಲ.

"ಮಂಗಳವಾರ ನೀವೂ ಬನ್ನಿ," ಎಂದರು ಟೀಚರ್. "ಯೊರೂಬಾ ಓದಲು ಬರೆಯಲು ನಾನು ಕಲಿಸ್ತೀನಿ. ಆಕಾರದ ಪಾಠಕ್ಕೆ ನೀವು ನನಗೆ ಬೇಕು."

"ಆಯ್ತು ಬಿ..." ಎಂದು ಶುರುಮಾಡಿ ಅಗೊಸ್ಸು ತಡೆದುಕೊಂಡ. "ಎಷ್ಟು ಗಂಟೆಗೆ? ಏನೇನು ತರಬೇಕು?"

ಮಂಗಳವಾರ ಹೊಸ ನೋಟುಪುಸ್ತಕ ಹಿಡಿದು ಮಕ್ಕಳ ಬೆಂಚಿನಲ್ಲಿ ಅಲ್ಹಾಜಾ ಪಕ್ಕ ಮೊಣಕಾಲು ಮಡಚಿ ತುರುಕಿಕೊಂಡು ಕೂತ. ಅವತ್ತು ಗುಂಡಗಿನ ಆಕಾರ ಬರೆಯುವ ಪಾಠ. ಅಲ್ಹಾಜಾ ಬರೆದದ್ದು ಗೆಣಸಿನ ಹಾಗಿತ್ತು; ಲಾರಿ ಡ್ರೈವರ್ ಬರೆದದ್ದು ಗಾಳಿ ಹೋದ ಚಕ್ರದ ಹಾಗೆ. ಅಗೊಸ್ಸು ಜೇಬಿನಿಂದ ಒಂದು ದಾರ ತೆಗೆದು, ತುದಿಗೆ ಪೆನ್ಸಿಲ್ ಕಟ್ಟಿ, ಇನ್ನೊಂದು ತುದಿಯನ್ನು ಅಲ್ಹಾಜಾ ಹೆಬ್ಬೆರಳಿನಿಂದ ಹಾಳೆಯ ನಡುವೆ ಒತ್ತಿಸಿದ.

"ಹೆಬ್ಬೆರಳು ಅಲ್ಲಾಡಿಸ್ಬೇಡಿ. ಈಗ ಸುತ್ತಿ."

ಅಲ್ಹಾಜಾ ನಾಲಿಗೆ ಕಚ್ಚಿಕೊಂಡು ಸುತ್ತಿದರು. ಗೆರೆ ಹೊರಟಲ್ಲಿಗೇ ಬಂದು ಕೂಡಿತು. ಹಿಂದಿನ ಬೆಂಚಿನಿಂದ ಯಾರೋ, "ನಂಗೂ ಒಂದು ದಾರ ಕೊಡಪ್ಪಾ ಮೇಸ್ತ್ರಿ," ಎಂದು ಅವನ ಬೆನ್ನಿಗೆ ತಿವಿದರು.