ಮೊದಲ ಕೊಡದ ನೀರು

ಮೂರು ವಿಭಾಗಗಳ ಜಂಟಿ ಸಂಶೋಧನೆ ಅಂದರೆ ಮೂವರು ಒಟ್ಟಿಗೆ ಕೂತು ಯೋಚಿಸುತ್ತಾರೆ ಎಂದು ನೀವು ನಂಬಿದ್ದರೆ, ನಮ್ಮ ಸೋಮವಾರದ ಸಭೆಗೆ ಒಮ್ಮೆ ಬನ್ನಿ. ನಾನು ಅದರ ಸಂಯೋಜಕಿ. ಡಾಕ್ಟರಮ್ಮ ಹೇಳಿದ್ದನ್ನು ಇಂಜಿನಿಯರ್ ಸಾಹೇಬರಿಗೆ, ಅವರು ಗೊಣಗಿದ್ದನ್ನು ಸಮಾಜಶಾಸ್ತ್ರದ ಮೇಷ್ಟ್ರಿಗೆ ಮುಟ್ಟಿಸುವುದೇ ನನ್ನ ಕೆಲಸ. ಮೂವರ ಕೋಣೆಗಳೂ ಒಂದೇ ಮಹಡಿಯಲ್ಲಿ, ಗೋಡೆಗೆ ಗೋಡೆ ತಾಗಿಕೊಂಡಿವೆ. ಚಪ್ಪಲಿ ಸವೆಯುವುದು ಮಾತ್ರ ನನ್ನದು.

ಸಂಶೋಧನೆಯ ಪ್ರಶ್ನೆ ಸರಳ: ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮಕ್ಕಳಿಗೆ ಮೇಲಿಂದ ಮೇಲೆ ಭೇದಿ ಯಾಕೆ? ನನ್ನ ಅಕ್ಕ ಇರುವುದು ಅದೇ ಬೀದಿಯಲ್ಲಿ. ಅವಳ ಮಗಳನ್ನು ನಾವೆಲ್ಲ ಡುಮ್ಮಿ ಎಂದು ಕರೆಯುತ್ತಿದ್ದೆವು. ಆ ದಿನಗಳಲ್ಲಿ ಹಾಗೆ ಕರೆಯಲು ಬಾಯಿ ಬರುತ್ತಿರಲಿಲ್ಲ, ಮಗು ಅಷ್ಟು ಸೊರಗಿತ್ತು. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದಾಗಿತ್ತು. ಇನ್ನೊಂದು ಸಲ ಹೀಗಾದರೆ ತಡೆದುಕೊಳ್ಳುವುದು ಕಷ್ಟ ಎಂದು ಅಲ್ಲಿನವರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು.

"ರೋಗ ನೀರಲ್ಲೇ ಇದೆ" ಎಂದು ಡಾಕ್ಟರಮ್ಮ ಪಟ್ಟು ಹಿಡಿದಿದ್ದರು. ಇಂಜಿನಿಯರ್ ಸಾಹೇಬರು ಮೂಗು ಮುರಿದು, "ನಮ್ಮ ಬಾಟಲಿಗಳನ್ನ ನೋಡಿ. ಒಂದ್ರಲ್ಲೂ ಏನೂ ಸಿಕ್ಕಿಲ್ಲ" ಎನ್ನುತ್ತಿದ್ದರು. ಮಾತಿಗೇ ನಿಲ್ಲಲಿಲ್ಲ, 'ನಿಮ್ಮ ನೀರು ಶುದ್ಧ' ಎಂಬ ಬೋರ್ಡನ್ನು ನಲ್ಲಿಯ ಪಕ್ಕದಲ್ಲೇ ನೇತುಹಾಕಿಸಿದರು. ಆಗೊಮ್ಮೆ ಈಗೊಮ್ಮೆ ನೀರು ಕುದಿಸುತ್ತಿದ್ದ ಅಕ್ಕ, ಬೋರ್ಡು ಓದಿ ಅದನ್ನೂ ಬಿಟ್ಟಳು. ಮೇಷ್ಟ್ರು ಇಬ್ಬರ ಮಾತನ್ನೂ ಕೇಳಿ, ತಲೆದೂಗಿ, "ಹಾಗಾದ್ರೆ ತಪ್ಪು ತಾಯಂದಿರ ಕೈಯಲ್ಲಿದೆ" ಎಂದರು. ಅಲ್ಲಿಗೆ ಕೈ ತೊಳೆಯುವ ತರಬೇತಿ ಹುಟ್ಟಿಕೊಂಡಿತು.

ತರಬೇತಿಯ ಬೆಳಿಗ್ಗೆ ಮೂವರನ್ನೂ ಕರೆದುಕೊಂಡು ಬೀದಿಗೆ ಹೋದೆ. ಅಕ್ಕ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಉರಿಯುತ್ತಾ ನಿಂತಿದ್ದಳು.

"ಏನೇ, ನಿಮ್ಮ ಮೇಷ್ಟ್ರು ನನಗೆ ಕೈ ತೊಳೆಯೋದು ಹೇಳಿಕೊಡ್ತಾರಂತೆ? ಇಷ್ಟು ವರ್ಷ ನಾನೇನು ಕೈಗೆ ಕೆಸರು ಬಳ್ಕೊಂಡು ಓಡಾಡ್ತಿದ್ನಾ?"

"ಅಕ್ಕಾ, ಸುಮ್ನಿರೇ, ದಮ್ಮಯ್ಯ" ಎಂದೆ.

ನಲ್ಲಿಯ ಕೆಳಗೆ ಅವಳ ಕೊಡವೇ ಮೊದಲಿತ್ತು, ಹಿಂದೆ ಬೀದಿಯವರ ಕೊಡಗಳ ಸಾಲು. ಮನೆ ನಲ್ಲಿಯ ಎದುರಿಗೇ ಇರುವುದರಿಂದ ಮೊದಲ ಕೊಡ ಯಾವಾಗಲೂ ಅವಳದೇ. ಆ ಬೀದಿಗೆ ನೀರು ಬರುವುದು ಬೆಳಿಗ್ಗೆ ಒಂದಿಷ್ಟು ಹೊತ್ತು ಮಾತ್ರ, ಹಾಗಾಗಿ ಮೊದಲಿಗಳಾಗುವುದು ಅವಳಿಗೆ ಸಣ್ಣ ಜಂಬದ ವಿಷಯವೇ ಆಗಿತ್ತು.

ನಲ್ಲಿ ಗೊರಗೊರ ಅಂದಿತು. ಬಾಟಲಿ ಹಿಡಿದ ಇಂಜಿನಿಯರ್ ಸಾಹೇಬರು ನಡುವೆ ನುಗ್ಗಿ, "ಸ್ವಲ್ಪ ತಡೀರಮ್ಮಾ" ಎಂದು ಅಕ್ಕನ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ನೀರು ದಬದಬನೆ ಚರಂಡಿಗೆ ಬಿದ್ದು ಹರಿಯತೊಡಗಿತು.

"ಅಯ್ಯೋ, ಯಾಕ್ರೀ ಸುಮ್ಮನೆ ಚೆಲ್ತೀರಾ?" ಎಂದಳು ಅಕ್ಕ.

"ರಾತ್ರಿಯೆಲ್ಲ ಪೈಪಲ್ಲಿ ನಿಂತಿದ್ದು ಹೋಗ್ಬೇಕಮ್ಮಾ, ಹತ್ತಾರು ಕೊಡದಷ್ಟಾದ್ರೂ. ಚರಂಡಿ ಪಕ್ಕದ ಹಳೇ ಪೈಪು, ಏನೇನು ಒಸರಿರುತ್ತೋ! ಅದನ್ನ ಹಿಡಿದ್ರೆ ನಮ್ಮ ಬಾಟಲಿ ಕೆಡುತ್ತೆ."

ನಾನು ಅವರ ಬಾಟಲಿಗೆ ಅಡ್ಡ ಕೈ ಹಿಡಿದೆ.

"ಸಾರ್, ದಿನಾ ಹೀಗೇನಾ? ಮೊದಲ ನೀರು ಬಿಟ್ಟು, ಆಮೇಲೆ ಬಾಟಲಿ ತುಂಬ್ತೀರಾ?"

"ಮತ್ತಿನ್ನೇನು? ಪರೀಕ್ಷೆಯ ನಿಯಮಾನೇ ಅದು."

"ಆ ಮೊದಲ ನೀರು ಯಾರ ಹೊಟ್ಟೆಗೆ ಹೋಗುತ್ತೆ ಅಂತ ಗೊತ್ತಾ ನಿಮಗೆ?"

ಅವರು ಅಕ್ಕನ ಕೊಡವನ್ನು ನೋಡಿದರು, ಮಗುವನ್ನು ನೋಡಿದರು, ಕೈಯಲ್ಲಿದ್ದ ಬಾಟಲಿಯನ್ನು ನೋಡಿಕೊಂಡರು. "ಪರೀಕ್ಷೆಯಂತೂ ಸರಿಯಾಗೇ ಮಾಡಿದೀವಿ" ಎಂದು ಮೆಲ್ಲಗೆ ಗೊಣಗಿದರು.

ಡಾಕ್ಟರಮ್ಮ ಓಡಿ ಬಂದರು. "ನಾನು ಹೇಳ್ಲಿಲ್ವಾ ನೀರೇ ಅಂತ!" ಅವರ ಮುಖದಲ್ಲಿ ಆ ಖುಷಿ ನೋಡಿ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಹಾಗಾದ್ರೆ ಈಗಲೇ ಜನಕ್ಕೆ ಹೇಳಿಬಿಡೋಣ ಮೇಡಂ. ಮೊದಲ ನೀರು ಹಿಡೀಬೇಡಿ, ಕುದಿಸಿ ಕುಡೀರಿ ಅಂತ."

"ಇರಮ್ಮಾ, ಅವಸರ ಬೇಡ. ಮೊದಲ ನೀರನ್ನೂ ಪರೀಕ್ಷೆ ಮಾಡೋಣ. ಒಂದೆರಡು ತಿಂಗಳು ನೋಡೋಣ."

"ವಿಧಾನ ಬದಲಾಯಿಸೋಕೆ ಮೂವರ ಒಪ್ಪಿಗೆ ಬೇಕು" ಎಂದರು ಇಂಜಿನಿಯರ್ ಸಾಹೇಬರು.

ಮೇಷ್ಟ್ರು ತರಬೇತಿಗೆಂದು ತಂದಿದ್ದ ಕೈಮೈಕನ್ನು ಎದೆಗವಚಿಕೊಂಡು, "ಈಗ ಎಲ್ಲರೂ ಕುದಿಸೋಕೆ ಶುರು ಮಾಡಿದ್ರೆ, ನನ್ನ ತರಬೇತಿಯಿಂದ ಏನಾದ್ರೂ ಆಯ್ತಾ ಇಲ್ವಾ ಅಂತ ತಿಳಿಯೋದು ಹೇಗೆ?" ಎಂದರು.

ಸೋಮವಾರದ ಸಭೆಯಲ್ಲಿ ಮಾತಾಡೋಣ ಎಂದು ತೀರ್ಮಾನವಾಯಿತು. ಸಂಶೋಧನೆ ಶುರುವಾದಂದಿನಿಂದ ಮೂವರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಅಕ್ಕನ ಸೊಂಟದ ಮೇಲಿಂದ ಡುಮ್ಮಿ "ಚಿಕ್ಕಮ್ಮಾ, ನೀರು" ಎಂದಿತು. ಬೆಳಿಗ್ಗೆಯಿಂದ ಆ ಮಗು ಬಾಯಿ ಬಿಟ್ಟದ್ದು ಅದೊಂದೇ ಸಲ. ಅಕ್ಕ ಅಭ್ಯಾಸಬಲದಿಂದ ಮನೆಯ ಕಡೆ ಹೆಜ್ಜೆ ಇಟ್ಟಳು. ಒಳಗೆ ನಿನ್ನೆಯ ಮೊದಲ ಕೊಡ ಇತ್ತು.

"ಅಕ್ಕಾ, ಬೇಡ!" ಎಂದು ಕಿರುಚಿದೆ. ಮೇಷ್ಟ್ರ ಕೈಯಿಂದ ಮೈಕು ಕಿತ್ತುಕೊಂಡೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಗಂಟಲು ಹರಿದುಕೊಂಡು ಹೇಳಿದೆ: ಮೊದಲ ನೀರು ಚೆಲ್ಲಿ, ಮನೆಯಲ್ಲಿರುವುದನ್ನೂ ಚೆಲ್ಲಿ, ಏನೇ ಕುಡಿದರೂ ಕುದಿಸಿ ಕುಡಿಯಿರಿ. ಬೋರ್ಡನ್ನೂ ಕಿತ್ತು ಇಂಜಿನಿಯರ್ ಸಾಹೇಬರ ಕೈಗೆ ಕೊಟ್ಟೆ.

"ಇದಕ್ಕೆ ಯಾರ ಒಪ್ಪಿಗೆ ತಗೊಂಡ್ರಿ?" ಎಂದರು ಅವರು.

"ಚಿಕ್ಕಮ್ಮ ಆಗೋಕೆ ಯಾವ ವಿಭಾಗದ ಒಪ್ಪಿಗೆಯೂ ಬೇಡ ಸಾರ್."

ಅಕ್ಕ ಒಳಗಿನ ಕೊಡವನ್ನು ಎತ್ತಿ ತಂದು ಚರಂಡಿಗೆ ಬೋರಲು ಹಾಕಿದಳು. "ಎಲ್ಲರಿಗಿಂತ ಮೊದಲು ಅಂತ ಓಡೋಡಿ ಹಿಡೀತಿದ್ದಿದ್ದು ಇದನ್ನೇನಾ?" ಎಂದಳು. ನನ್ನನ್ನು ಕೇಳಿದ್ದಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, ಮಗುವಿನ ಬೆನ್ನು ಸವರುತ್ತಾ ಅತ್ತಳು. ನಾನೂ ಪಕ್ಕದಲ್ಲಿ ಕೂತೆ.

ಡುಮ್ಮಿ ಮೂರನೇ ಸಲ ಆಸ್ಪತ್ರೆಗೆ ಹೋಗಲಿಲ್ಲ. ಈಗ ಎರಡು ಸಲ ಕೇಳಿ ಬಡಿಸಿಕೊಳ್ಳುತ್ತದೆ. ಬೀದಿಯ ಉಳಿದ ಮಕ್ಕಳೂ ಚೇತರಿಸಿಕೊಂಡವು.

ಹೋದ ಸೋಮವಾರದ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತು, ಆ ಬೀದಿಯಲ್ಲಿ ಭೇದಿ ಇಳಿದದ್ದು ಕೈ ತೊಳೆಯುವ ತರಬೇತಿಯ ಫಲ ಎಂದರು. ಇಂಜಿನಿಯರ್ ಸಾಹೇಬರು ನೀರು ಮೊದಲಿನಿಂದಲೂ ಶುದ್ಧವೇ ಎಂದು ನೆನಪಿಸಿದರು. ಮೊದಲ ನೀರಿನ ಪರೀಕ್ಷೆಯನ್ನು ಡಾಕ್ಟರಮ್ಮ ಮುಂದಿನ ಹಂತಕ್ಕೆ ಎತ್ತಿಟ್ಟರು. ಹಲ್ಲು ಕಡಿದುಕೊಂಡು ಮೊದಲ ಕೊಡದ ಕತೆಯನ್ನು ಇನ್ನೊಮ್ಮೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತರಬೇತಿಯನ್ನು ಇನ್ನಷ್ಟು ಬೀದಿಗಳಿಗೆ ವಿಸ್ತರಿಸುವುದೆಂದು ಎಲ್ಲರೂ ಒಪ್ಪಿದರು.

"ಏರ್ಪಾಡೆಲ್ಲ ನಿಮ್ಮದೇ ಅಲ್ವಾ?" ಎಂದು ಮೇಷ್ಟ್ರು ನನ್ನತ್ತ ತಿರುಗಿದರು.

"ನಂದೇ ಸಾರ್" ಎಂದೆ. ಮೈಕು ಆಗಲೇ ನನ್ನ ಚೀಲದಲ್ಲಿತ್ತು.